ನಿದ್ದೆ ಕೆಡಿಸದ ಬ್ಯಾಟು

ನಾನು ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೆ ಈ ಗೋಳಿಬಜೆ ನನ್ನ ಗಂಟಲಲ್ಲೇ ನಿಲ್ಲಲಿ. ನೋಡಿ, ನುಂಗಿದೆ. ಇಳಿಯಿತು. ಇನ್ನು ನೀವು ನಂಬದೆ ವಿಧಿಯಿಲ್ಲ.

ನೀವು ಕಥೆ ಹೇಳೆಂದು ಕೇಳಲಿಲ್ಲ, ಸರಿ. ಗುರುವಾಯನಕೆರೆಯ ಈ ಹೋಟೆಲಿಗೆ ಬಂದಿರಿ, ಚಾ ಹೇಳಿದಿರಿ. ಗೋಳಿಬಜೆ ತಿಂದು ಎರಡು ಅಂಗೈಗಳನ್ನು ಪಟ್ ಪಟ್ ಎಂದು ಬಡಿದು ಕೊಡವಿದಿರಿ. ಹತ್ತು ವರ್ಷ ಗಲ್ಫಿನಲ್ಲಿದ್ದೆ, ಬೆಳುವಾಯಿಯ ಶಾಲೆಯೊಂದಕ್ಕೆ ಹುಡುಗಿಯರ ಸಾಫ್ಟ್‌ಬಾಲ್ ಕೋಚ್ ಬೇಕಂತೆ, ಇಂಟರ್‌ವ್ಯೂಗೆ ಹೊರಟಿದ್ದೇನೆ ಎಂದಿರಿ. ಸಾಫ್ಟ್‌ಬಾಲ್ ಎಂದ ಮೇಲೆ ನಾನು ಬಾಯಿ ಮುಚ್ಚಿ ಕೂರುವವನಲ್ಲ. ಮೂಡುಬಿದಿರೆ ಬಸ್ಸು ಬರಲಿಕ್ಕೆ ಇನ್ನೂ ಸಮಯ ಉಂಟು. ಗಡ್ಡ ಕೆರೆಯುತ್ತಾ ಆರಾಮಾಗಿ ಕುಳಿತುಕೊಳ್ಳಿ.

*

'ಟಣ್' ಎಂದು ಒಂದು ಸದ್ದು. ಅದರ ಬೆನ್ನಿಗೇ ಒಂದು ಕಿರುಚಾಟ.

ನಾನು ಮೈಕಿನ ಮುಂದೆ ಇದ್ದೆ. ಮೈಕ್ ಶಂಭು ಎಂದರೆ ನಾನೇ. ಬಂಟ್ವಾಳದಿಂದ ಬೆಳ್ತಂಗಡಿವರೆಗೆ ಯಾವ ಶಾಲೆಯ ಆಟವಿದ್ದರೂ ಮೈಕು ನನ್ನದು, ಬಾಯಿಯೂ ನನ್ನದು. ನನ್ನ ಸದ್ದಿಗೆ ಹೆದರಿ ಬಂಟ್ವಾಳದ ದಡದ ಮೀನುಗಳು ನೇತ್ರಾವತಿ ದಾಟಿ ಪಾಣೆಮಂಗಳೂರಿನ ದಡಕ್ಕೆ ಹೋಗಿ ಸೇರಿದ್ದವು. ಆ ವರ್ಷ ಅಲ್ಲಿ ಮೀನನ್ನು ಕೇಳುವವರೇ ಇರಲಿಲ್ಲ. ಬೇಕಾದರೆ ವಿಚಾರಿಸಿ.

1999ರ ಅಕ್ಟೋಬರ್. ಬಂಟ್ವಾಳದ ಒಂದು ಹೈಸ್ಕೂಲ್ ಮೈದಾನ. ಜಿಲ್ಲಾ ಮಟ್ಟದ ಹುಡುಗಿಯರ ಫೈನಲ್. ಒಂದು ಕಡೆ ಇದೇ ಗುರುವಾಯನಕೆರೆ ಕಡೆಯ ಒಂದು ಶಾಲೆ. ಇನ್ನೊಂದು ಕಡೆ ಬೆಳುವಾಯಿ ಕಡೆಯ ಒಂದು ಶಾಲೆ. ಶಾಲೆಗಳ ಹೆಸರು ಹೇಳುವುದಿಲ್ಲ. ಎರಡೂ ಕಡೆಯವರು ಈಗಲೂ ಹೊಡೆಯಲು ಬರಬಹುದು.

ಆಟ ಇನ್ನೂ ಶುರುವಾಗಿರಲಿಲ್ಲ. ಗುರುವಾಯನಕೆರೆಯವರ ಬ್ಯಾಟಿಂಗ್ ಪ್ರಾಕ್ಟೀಸಿನ ಸರದಿ. ಕಾಂತಿ ಎಂಬ ಹುಡುಗಿ ಎದುರಿನಿಂದ ಮೆಲ್ಲಗೆ ಬಾಲ್ ಎಸೆಯುವವಳು. ಹೊಡೆಯುವವಳು ಸುರಕ್ಷಾ, ಆ ಟೀಮಿನ ಕ್ಯಾಪ್ಟನ್. ಕೈಯಲ್ಲಿ ಅಲ್ಯೂಮಿನಿಯಂ ಬ್ಯಾಟು. ಮೊದಲ ಬಾಲು. ಬೀಸಿದಳು. ಬಾಲು ಒಂದು ಕಡೆ ಹೋಯಿತು. ಬ್ಯಾಟು ಅವಳ ಕೈ ಬಿಟ್ಟು ಎದುರಿಗೆ ಹಾರಿತು. ಹೋಗಿ ಕಾಂತಿಯ ಹುಬ್ಬಿಗೆ ಬಡಿಯಿತು.

ಸಾಫ್ಟ್‌ಬಾಲ್ ಎಂದು ಹೆಸರಿಟ್ಟವನು ಅಲ್ಲಿ ಇರಬೇಕಿತ್ತು. ಹುಡುಗಿಯ ಬಿಳಿ ಅಂಗಿ ಸೊಂಟದವರೆಗೆ ಕೆಂಪಾಯಿತು.

ಅವರ ಕೋಚ್ ಓಡಿ ಬಂದರು. ಶೋಧನ್ ಮಾಸ್ಟ್ರು ಎಂದು ಹೆಸರು. ಬಿದ್ದ ಬ್ಯಾಟನ್ನು ಎತ್ತಿಕೊಂಡರು. ಹಿಡಿಯ ಮೇಲೆ ಬೆರಳಾಡಿಸಿದರು. ಆಮೇಲೆ ಕಾಂತಿಯ ಕಡೆ ನೋಡಿದರು.

"ಜಾರ್ತದೆ! ಯಾರೋ ಹಿಡಿಗೆ ಎಣ್ಣೆ ಉಜ್ಜಿದ್ದಾರೆ! ಬೇಕೂಂತ ಮಾಡಿದ್ದು ಇದು!"

ಅಯ್ಯೋ, ನಿಮ್ಮ ಚಾ ಚೆಲ್ಲಿತಲ್ಲ. ಇರಲಿ, ಒರೆಸುತ್ತಾರೆ. ಕೇಳಿ.

*

ಸುರಕ್ಷಾ ಬೆರಳು ನೆಟ್ಟಗೆ ಚಾಚಿದಳು. ಆ ಬೆರಳು ಬೆಳುವಾಯಿಯ ಕ್ಯಾಪ್ಟನ್ ಫಾಹಿಮಾಳ ಕಡೆಗಿತ್ತು.

"ಇವಳು! ಬೆಳಿಗ್ಗೆ ನಮ್ಮ ಬ್ಯಾಗಿನ ಹತ್ತಿರ ಬಗ್ಗಿದ್ಳು. ನಾನು ಕಣ್ಣಾರೆ ನೋಡಿದ್ದೇನೆ."

"ನಮ್ಮ ಮಿಡಿ ಉರುಳಿಕೊಂಡು ನಿಮ್ಮ ಕಡೆ ಬಂತು, ಹೆಕ್ಕಲಿಕ್ಕೆ ಬಂದೆ," ಎಂದಳು ಫಾಹಿಮಾ. "ನಿಮ್ಮ ಬ್ಯಾಗು ನನಗೆಂತಕ್ಕೆ? ಅದರ ವಾಸನೆಗೇ ತಲೆ ತಿರುಗ್ತದೆ."

ಮಿಡಿ ಎಂದರೆ ತೆಂಗಿನ ಮಿಡಿ. ಅದು ನುಸಿ ರೋಗದ ಕಾಲ. ತೆಂಗಿನ ಮರಗಳು ಮಿಡಿಗಳನ್ನು ಉದುರಿಸಿದ್ದೇ ಉದುರಿಸಿದ್ದು. ಬೆಳುವಾಯಿ ಶಾಲೆಯಲ್ಲಿ ಇದ್ದದ್ದು ಎರಡೇ ಬಾಲು. ಹಾಗಾಗಿ ಅವರ ಬ್ಯಾಟಿಂಗ್ ಪ್ರಾಕ್ಟೀಸೆಲ್ಲ ಮಿಡಿಯಲ್ಲೇ. ಗೋಣಿಯಲ್ಲಿ ತುಂಬಿಸಿ ತರುವುದು, ಒಬ್ಬಳು ಎಸೆಯುವುದು, ಇನ್ನೊಬ್ಬಳು 'ಪೊಚ್' ಎಂದು ಹೊಡೆಯುವುದು. ಸಿಡಿದ ರಸ ಕೈಗೆ ಅಂಟಿದರೆ ಕಂದು ಕರೆ. ಸಾಬೂನು ಹಾಕಿದರೂ ಹೋಗುವುದಿಲ್ಲ. ಹಲಸಿನ ಹಣ್ಣು ಬಿಡಿಸುವ ಮೊದಲು ನಮ್ಮ ಹೆಂಗಸರು ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಾರಲ್ಲ, ಹಾಗೆ ಈ ಹುಡುಗಿಯರೂ ವಾರ್ಮ್‌ಅಪ್‌ಗೆ ಮೊದಲು ಅಂಗೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುವುದು. ಆಟಕ್ಕೆ ಇಳಿಯುವಾಗ ಒರೆಸಿ ಮಣ್ಣು ಉಜ್ಜಿಕೊಳ್ಳುವುದು. ಬೇರೆ ಟೀಮಿನವರು ಇವರನ್ನು ನೋಡಿ ನಗುತ್ತಿದ್ದರು. ಆಮೇಲೆ ಸೋಲುತ್ತಿದ್ದರು.

ಶೋಧನ್ ಮಾಸ್ಟ್ರು ಮೂರು ವರ್ಷ ಸೋತಿದ್ದರು.

"ಕೈ ತೋರಿಸು," ಎಂದರು ಅವರು.

ಫಾಹಿಮಾ ಕೈ ತೋರಿಸಿದಳು. ಮಿರಮಿರ ಮಿಂಚುತ್ತಿತ್ತು.

"ಎಣ್ಣೆ! ನೋಡಿ, ಎಲ್ಲರೂ ನೋಡಿ! ಇನ್ನೆಂತ ಸಾಕ್ಷಿ ಬೇಕು?"

ಗುರುವಾಯನಕೆರೆಯಿಂದ ಜೀಪು ತುಂಬಿಸಿಕೊಂಡು ಬಂದವರು ಬೊಬ್ಬೆ ಹಾಕಿದರು. ಬೆಳುವಾಯಿಯವರು ತಿರುಗಿ ಬೊಬ್ಬೆ ಹಾಕಿದರು. ಒಬ್ಬ ಕಲ್ಲು ಹೆಕ್ಕಿದ. ಇನ್ನೊಬ್ಬ ಅದಕ್ಕಿಂತ ದೊಡ್ಡದನ್ನು ಹೆಕ್ಕಿದ.

ಚೀಫ್ ಅಂಪೈರ್ ಅಬೂಬಕ್ಕರ್ ಮಾಸ್ಟ್ರು ಓಡಿ ಬಂದರು. ಸಾಧು ಮನುಷ್ಯ.

"ತನಿಖೆ ಮಾಡುವ. ಪಂದ್ಯ ಶುರುವಾಗಲಿಕ್ಕೆ ಸಮಯ ಉಂಟು," ಎಂದರು.

"ತನಿಖೆಯಾ? ಅಂಪೈರು ಯಾರ ಕಡೆ ಅಂತ ನಮಗೆ ಗೊತ್ತುಂಟು!" ಎಂದು ಜೀಪಿನವರಲ್ಲಿ ಒಬ್ಬ ಕೂಗಿದ.

ಆ ಮಾತು ಅಬೂಬಕ್ಕರ್ ಮಾಸ್ಟ್ರ ಮುಖಕ್ಕೆ ಹೊಡೆದ ಹಾಗಾಯಿತು. ಅವರು ಯಾರ ಕಡೆಯೂ ಅಲ್ಲ ಎಂದು ತೋರಿಸಬೇಕಲ್ಲ? ಅದಕ್ಕೆ ಇದ್ದ ಸುಲಭ ದಾರಿ ಫಾಹಿಮಾಳನ್ನು ಹೊರಗೆ ಹಾಕುವುದು. ಜೇಬಿನಿಂದ ಪೆನ್ನು ತೆಗೆದರು.

"ಟಾಸಿನ ಒಳಗೆ ಈ ಹುಡುಗಿಯ ತಪ್ಪಿಲ್ಲ ಅಂತ ಯಾರಾದ್ರೂ ತೋರಿಸಿದ್ರೆ ಸರಿ. ಇಲ್ಲದಿದ್ರೆ ಹೆಸರು ಹೊಡೆದು ಹಾಕ್ತೇನೆ. ಇಲಾಖೆಗೂ ಬರೀತೇನೆ."

ಆಗ ಬೆಳುವಾಯಿಯವರ ಹಿಂದಿನಿಂದ ಒಂದು ಕೊಡೆ ಎದ್ದಿತು. ಕೊಡೆಯ ಕೆಳಗೆ ರುಖಿಯಮ್ಮ. ಫಾಹಿಮಾಳ ಅಜ್ಜಿ.

"ಬರಿ ಮಾಸ್ಟ್ರೇ, ಬರಿ. ಸೌದಿಯ ದಮ್ಮಾಮಿಗೂ ಒಂದು ಬರಿ," ಎಂದರು. "ಅಲ್ಲಿ ನನ್ನ ಮಗ ಅಬ್ದುಲ್ ವಹಾಬ್ ಇದ್ದಾನೆ. ಮಗಳ ಮೇಲೆ ಒಂದೇ ಒಂದು ದೂರು ಬಂದ್ರೆ ಆಟ ಬಂದ್, ಮತ್ತೆ ಬ್ಯಾಟ್ ಮುಟ್ಲಿಕ್ಕಿಲ್ಲ ಅಂತ ಫೋನಲ್ಲಿ ಹೇಳಿದ್ದಾನೆ. ದೂರು ಬರುವುದಿಲ್ಲ ಮಗಾ ಅಂತ ಮಾತು ಕೊಟ್ಟವಳು ನಾನು. ನನ್ನ ಮಾತು ನೀರಲ್ಲಿ ಹಾಕ್ಲಿಕ್ಕೆ ನೀನು ಪೆನ್ನು ತೆಗೆದದ್ದಾ?"

ಅಬೂಬಕ್ಕರ್ ಮಾಸ್ಟ್ರ ಪೆನ್ನು ಒಣಗಿತು.

ಫಾಹಿಮಾ ಅಳಲಿಲ್ಲ. ಎಣ್ಣೆಯ ಕೈಗಳನ್ನು ಮುಂದೆ ಚಾಚಿಕೊಂಡೇ ನಿಂತಿದ್ದಳು, ಎಲ್ಲಿ ಒರೆಸಬೇಕೆಂದು ತಿಳಿಯದವಳ ಹಾಗೆ.

*

ಈಗ ಪತ್ತೇದಾರರು ಬರುತ್ತಾರೆ. ಬರುತ್ತಾರೆ ಎಂದರೆ, ಏಳುತ್ತಾರೆ.

ಹೆಡ್ ಕಾನ್‌ಸ್ಟೇಬಲ್ ಕೂಸಪ್ಪಣ್ಣ. ಹಿಂದಿನ ವರ್ಷದ ಫೈನಲ್ಲು ಕಲ್ಲು ತೂರಾಟದಲ್ಲಿ ಮುಗಿದದ್ದರಿಂದ ಈ ವರ್ಷ ಬಂದೋಬಸ್ತಿಗೆ ಅವರನ್ನು ಹಾಕಿದ್ದರು. ಅವರಿಗೆ ಮೈದಾನದ ಯಾವ ಆಟ ಕಂಡರೂ ಆಗದು. ಅವರ ಒಂದೇ ವಿದ್ಯೆ ನಿದ್ದೆ. ಒಮ್ಮೆ ಮಂತ್ರಿಗಳಿಗೆ ಸಲ್ಯೂಟ್ ಹೊಡೆದು ಹಾಗೇ ನಿದ್ದೆ ಹೋದರು. ಮಂತ್ರಿಗಳು ಹೋಗಿ, ಸರ್ಕಾರವೇ ಬಿದ್ದ ಮೇಲೆ ಕೈ ಇಳಿಸಿದರು. ನಾನೇ ನೋಡಿದ್ದೇನೆ.

ಆ ದಿನ ನನ್ನ ಮೈಕಿನ ಮೇಜಿನ ಪಕ್ಕದಲ್ಲೇ, ಬೆಂಚಿನ ಮೇಲೆ, ಮುಖಕ್ಕೆ ಟೊಪ್ಪಿ ಮುಚ್ಚಿ ಮಲಗಿದ್ದರು. ಕಿರುಚಾಟಕ್ಕೂ ಏಳಲಿಲ್ಲ. ಕಲ್ಲು ಹೆಕ್ಕುವ ಸದ್ದಿಗೆ ಎದ್ದರು. ಅದು ಇಲಾಖೆಯ ಅಭ್ಯಾಸ.

"ಕಲ್ಲು ಕೆಳಗೆ ಹಾಕಿ," ಎಂದರು. "ಇಲ್ಲದಿದ್ರೆ ಅದೇ ಕಲ್ಲು ತಲೆ ಮೇಲೆ ಹೊತ್ತುಕೊಂಡು ಸ್ಟೇಷನ್ನಿಗೆ ನಡೀರಿ."

ಕಲ್ಲುಗಳು ಬಿದ್ದವು. ಕಾಂತಿಯನ್ನು ಅಂಬಾಸಿಡರ್ ಕಾರಿನಲ್ಲಿ ಆಸ್ಪತ್ರೆಗೆ ಕಳಿಸಿದರು. ಬ್ಯಾಟನ್ನು ಕರವಸ್ತ್ರದಲ್ಲಿ ಹಿಡಿದು ನನ್ನ ಮೇಜಿನ ಮೇಲೆ ಇಟ್ಟರು.

"ಶಂಭು, ಮೈಕ್ ಬಂದ್ ಮಾಡು. ನಿನ್ನ ಬಾಯಿಯನ್ನೂ."

ಮೊದಲು ಸಂಶಯ ಬಂದದ್ದು ಯಾರ ಮೇಲೆ ಗೊತ್ತುಂಟಾ? ರುಖಿಯಮ್ಮನ ಮೇಲೆ. ಕಾರಣ ಇತ್ತು. ಹಿಂದಿನ ದಿನ ಸೆಮಿಫೈನಲ್ ಮುಗಿದಾಗ ಶೋಧನ್ ಮಾಸ್ಟ್ರು ಬೆಳುವಾಯಿ ಹುಡುಗಿಯರನ್ನು ನೋಡಿ, "ಮಿಡಿ ಪಾರ್ಟಿ, ನಾಳೆ ನಿಮ್ಮನ್ನು ಚಟ್ನಿ ಮಾಡ್ತೇವೆ," ಎಂದಿದ್ದರು. ಅದಕ್ಕೆ ಈ ಮುದುಕಿ ಕೊಡೆ ಎತ್ತಿ, "ನಿನ್ನ ಬ್ಯಾಟು ನಾಳೆ ನಿನ್ನ ಕೈಯಲ್ಲಿ ನಿಲ್ಲುವುದಿಲ್ಲ, ನೋಡ್ತಾ ಇರು," ಎಂದು ಶಾಪ ಹಾಕಿದ್ದರು. ಇಡೀ ಮೈದಾನ ಕೇಳಿತ್ತು.

"ಹಾಗೆ ಹೇಳಿದ್ದು ಹೌದಾ?" ಎಂದರು ಕೂಸಪ್ಪಣ್ಣ.

"ಹೌದು. ನಿನಗೂ ಒಂದು ಬೇಕಾ?"

"ಬೇಡ. ಬ್ಯಾಟು ಮುಟ್ಟಿದ್ರಾ?"

"ಮುಟ್ಟುವುದಾದ್ರೆ ಶಾಪ ಎಂತಕ್ಕೆ ಹಾಕ್ಲಿ, ಪೊಕ್ಕಡೆ ಸುಮ್ಮಸುಮ್ಮನೆ?" ಎಂದರು ರುಖಿಯಮ್ಮ. "ಪೊಲೀಸಪ್ಪ, ನನಗೆ ಈ ಆಟ ಗೊತ್ತಿಲ್ಲ. ಆದ್ರೆ ಮಕ್ಕಳನ್ನು ಹೆತ್ತು ಗೊತ್ತುಂಟು. ಹುಡುಗಿ ರಕ್ತ ಸುರಿಸಿ ಬಿದ್ದಿದ್ಳು. ಈ ಮನುಷ್ಯ ಮೊದಲು ಬ್ಯಾಟ್ ಎತ್ತಿದ. ಹುಡುಗಿಯನ್ನು ಆಮೇಲೆ ಎತ್ತಿದ. ಅದು ಎಂತ ಅಂತ ಕೇಳು."

ಶೋಧನ್ ಮಾಸ್ಟ್ರು ಅಂಗೈ ಪಟ್ ಪಟ್ ಎಂದು ಬಡಿದುಕೊಂಡರು. ಅವರಿಗೆ ಅದೊಂದು ಅಭ್ಯಾಸ. ಕೆಲಸ ಮುಗಿದಾಗಲೂ ಬಡಿಯುವುದು, ಸಿಟ್ಟು ಬಂದಾಗಲೂ ಬಡಿಯುವುದು.

"ಅಜ್ಜಿ ಹತ್ರ ನಾನು ಕೋಚಿಂಗ್ ಕಲೀಬೇಕಾ ಈಗ? ಸಾಕ್ಷಿ ಹಿಡ್ಕೊಂಡೆ. ಯಾರಾದ್ರೂ ಒರೆಸಿ ಬಿಟ್ರೆ?"

ಅದೂ ಸರಿ ಎನಿಸಿತು ಎಲ್ಲರಿಗೂ.

ಏನಂದಿರಿ? ಮೂತ್ರಕ್ಕೆ ಹೋಗಬೇಕೇ? ಹೋಟೆಲಿನ ಹಿಂದೆ ಕಡಿಯುವ ನಾಯಿ ಉಂಟು. ಸ್ವಲ್ಪ ತಡೆದುಕೊಳ್ಳಿ.

*

ಕೂಸಪ್ಪಣ್ಣ ಬ್ಯಾಟಿನ ಹಿಡಿಗೆ ಮೂಗು ಇಟ್ಟರು. ಆಮೇಲೆ ಬೆರಳು ಇಟ್ಟು ಉಜ್ಜಿದರು. ಮುಖ ನನ್ನ ಕಡೆ ತಿರುಗಿತು.

"ಶಂಭು, ನಿನ್ನೆ ಸಂಜೆ ಕೇರಂ ಆಡಿದ್ದು ಎಲ್ಲಿ?"

ಹಿಂದಿನ ಸಂಜೆ ಶಾಲೆಯ ಸ್ಪೋರ್ಟ್ಸ್ ರೂಮಿನಲ್ಲಿ ನಾವು ಮೂವರು ಕೇರಂ ಆಡಿದ್ದೆವು. ನಾನು, ಕೂಸಪ್ಪಣ್ಣ, ಶೋಧನ್ ಮಾಸ್ಟ್ರು. ಕೂಸಪ್ಪಣ್ಣ ಪ್ರತಿ ಆಟವೂ ಸೋತಿದ್ದರು. ಅವರ ಮುಖದಲ್ಲಿ ಆ ಸೋಲು ಇನ್ನೂ ಇತ್ತು.

"ರೂಮಿನ ಬೀಗದ ಕೈ ಯಾರ ಹತ್ರ?"

"ನನ್ನ ಹತ್ರ. ಮೈಕಿನ ಸಾಮಾನು ಅಲ್ಲೇ ಇಡುವುದಲ್ವಾ?"

"ಪೌಡರ್ ಡಬ್ಬಿ?"

"ಬೋರ್ಡಿನ ಮೇಲೆ ಇತ್ತು. ಬೆಳಿಗ್ಗೆ ನೋಡುವಾಗ ಇರ್ಲಿಲ್ಲ."

"ಹಾಗಾದ್ರೆ ನೀನೇ ಯಾಕೆ ಆಗ್ಬಾರ್ದು?"

"ಕೂಸಪ್ಪಣ್ಣ, ನಾನು ಬಾಯಲ್ಲಿ ಜನರನ್ನು ಕೊಲ್ಲುವವನು. ನನಗೆ ಪೌಡರ್ ಎಂತಕ್ಕೆ?"

ಅವರು ನನ್ನ ಬಾಯಿಯನ್ನು ನೋಡಿದರು. "ಅದು ಸತ್ಯ," ಎಂದರು.

ಸುತ್ತ ನಿಂತವರಿಗೆ ಏನೂ ಅರ್ಥವಾಗಲಿಲ್ಲ. ಕೂಸಪ್ಪಣ್ಣ ಬ್ಯಾಟನ್ನು ಅಬೂಬಕ್ಕರ್ ಮಾಸ್ಟ್ರ ಮುಂದೆ ಹಿಡಿದರು.

"ಮುಟ್ಟಿ ನೋಡಿ ಮಾಸ್ಟ್ರೇ. ಎಣ್ಣೆಯಾ?"

ಅಬೂಬಕ್ಕರ್ ಮಾಸ್ಟ್ರು ಮುಟ್ಟಿದರು. ಹುಬ್ಬು ಮೇಲೆ ಹೋಯಿತು. "ಒಣಗಿದೆ. ಆದ್ರೂ ಜಾರ್ತದೆ."

"ಕೇರಂ ಪೌಡರ್. ಬಿಳಿ ಟೇಪಿನ ಮೇಲೆ ಬಿಳಿ ಪುಡಿ. ಕಾಣುವುದಿಲ್ಲ. ಸ್ಟೇಷನ್ನಲ್ಲಿ ನಾವು ದಿನಾ ಮುಟ್ಟುವುದು ಇದನ್ನೇ." ಕೂಸಪ್ಪಣ್ಣ ಫಾಹಿಮಾಳನ್ನು ಕರೆದರು. "ಮಗಾ, ಮಿಡಿ ಹೊಡೆಯಲಿಕ್ಕೆ ಶುರು ಮಾಡಿದ್ಮೇಲೆ ಕೈ ತೊಳೆದಿದ್ದೀಯಾ?"

"ಇಲ್ಲ ಸರ್. ಟಾಸ್ ಆದ್ಮೇಲೆ ಒರೆಸುವುದು."

"ನನ್ನ ಈ ಕರವಸ್ತ್ರ ಹಿಡಿ. ಗಟ್ಟಿ ಹಿಡಿ. ಈಗ ಕೊಡು."

ಕರವಸ್ತ್ರದ ಮೇಲೆ ಐದು ಬೆರಳೂ ಮೂಡಿದ್ದವು. ಎಣ್ಣೆ, ಅದರ ಜೊತೆ ಮಿಡಿಯ ಕಂದು ಕರೆ. ಕೂಸಪ್ಪಣ್ಣ ಅದನ್ನು ಬಾವುಟದ ಹಾಗೆ ಎತ್ತಿ ಜೀಪಿನವರಿಗೆ ತೋರಿಸಿದರು. ಹೆಂಡತಿ ಇಸ್ತ್ರಿ ಹಾಕಿ ಕೊಟ್ಟದ್ದು. ಕೇಸಿಗಾಗಿ ಅವರು ಮಾಡಿದ ಏಕೈಕ ತ್ಯಾಗ.

"ಈ ಕೈ ಬ್ಯಾಟಿನ ಹಿಡಿ ಮುಟ್ಟಿದ್ರೆ ಟೇಪು ಹೀಗೆ ಆಗ್ಬೇಕಿತ್ತು. ಈ ಕೈಯಲ್ಲಿ ಪೌಡರ್ ಹಿಡಿದ್ರೆ ಅದು ಹಿಟ್ಟು ಕಲಸಿದ ಹಾಗೆ ಮುದ್ದೆ ಆಗ್ಬೇಕಿತ್ತು. ಟೇಪು ಬೆಳ್ಳಗೆ ಉಂಟು. ಪೌಡರ್ ಪುಡಿಯಾಗಿಯೇ ಉಂಟು. ಈ ಹುಡುಗಿ ಅಲ್ಲ."

ಬೆಳುವಾಯಿಯವರು ಕೂಗಿದರು. ಜೀಪಿನವರು ಸುಮ್ಮನಾದರು. ಆದರೆ ಶೋಧನ್ ಮಾಸ್ಟ್ರು ಸುಮ್ಮನಾಗಲಿಲ್ಲ.

"ಇವಳಲ್ಲದಿದ್ರೆ ಇವಳ ಟೀಮಿನ ಇನ್ನೊಬ್ಬಳು. ಎಣ್ಣೆ ಹಚ್ಚುವ ಮೊದಲು ಬಂದು ಹಾಕಿರ್ಬಹುದು. ಕ್ಯಾಪ್ಟನ್ ಜವಾಬ್ದಾರಿ ಅಲ್ವಾ? ಹೆಸರು ಹೊಡೆದು ಹಾಕಿ ಸರ್!"

ಅಬೂಬಕ್ಕರ್ ಮಾಸ್ಟ್ರು ಗಡಿಯಾರ ನೋಡಿದರು. ಪೆನ್ನು ಮತ್ತೆ ಹೊರಗೆ ಬಂತು.

*

"ಮಾಸ್ಟ್ರೇ, ನಿಮಗೆ ಒಂದು ಪ್ರಶ್ನೆ," ಎಂದರು ಕೂಸಪ್ಪಣ್ಣ. "ಇವತ್ತು ನನಗೆ ಒಳ್ಳೆ ನಿದ್ದೆ ಬಂತು. ಯಾಕೆ?"

"ನಿಮ್ಮ ನಿದ್ದೆ ನನಗೆ ಹೇಗೆ ಗೊತ್ತು?"

"ನಿನ್ನೆ ಬರ್ಲಿಲ್ಲ. ನಿನ್ನೆಯೂ ಇದೇ ಬೆಂಚಿನಲ್ಲಿ ಮಲಗಿದ್ದೆ. ನೀವು ಫೀಲ್ಡಿಂಗ್ ಪ್ರಾಕ್ಟೀಸ್ ಕೊಡ್ತಾ ಇದ್ರಿ. ಟಣ್, ಟಣ್, ಟಣ್. ದೇವಸ್ಥಾನದ ಗಂಟೆ ಹಾಗೆ. ನಾನು ಎದ್ದು ಬಂದು, ಮರದ ಬ್ಯಾಟು ಇಲ್ವಾ ಮಾಸ್ಟ್ರೇ ಅಂತ ಕೇಳಿದೆ. ನೀವು ಎಂತ ಹೇಳಿದ್ರಿ?"

ಅವರ ಬದಲಿಗೆ ನಾನು ಹೇಳಿದೆ, ಮೈಕ್ ಬಂದ್ ಆಗಿದ್ದರೂ: "'ಈ ಬ್ಯಾಟು ಬಿಟ್ಟು ಬೇರೆ ಯಾವುದನ್ನೂ ನಾನು ಮುಟ್ಟುವುದಿಲ್ಲ. ಪೊಲೀಸರಿಗೆ ನಿದ್ದೆ ಬೇಕಾದ್ರೆ ಮನೆಗೆ ಹೋಗ್ಲಿ' ಅಂತ ಹೇಳಿದ್ರು."

ಫೀಲ್ಡಿಂಗ್ ಪ್ರಾಕ್ಟೀಸು ನಿಮಗೆ ಗೊತ್ತಲ್ಲ, ಕೋಚ್ ಆಗಲಿಕ್ಕೆ ಹೊರಟವರು. ಆಟಕ್ಕೆ ಮೊದಲು ಕೋಚೇ ಬ್ಯಾಟು ಹಿಡಿದು ಒಬ್ಬೊಬ್ಬಳ ಕಡೆಗೆ ಬಾಲ್ ಹೊಡೆಯುವುದು, ಅವಳು ಹಿಡಿದು ಎಸೆಯುವುದು. ಅದು ಮುಗಿದ ಮೇಲೆ ಅದೇ ಬ್ಯಾಟನ್ನು ಕ್ಯಾಪ್ಟನ್ ಕೈಗೆ ಕೊಟ್ಟು ಬ್ಯಾಟಿಂಗ್ ಪ್ರಾಕ್ಟೀಸು. ಗುರುವಾಯನಕೆರೆ ಟೀಮಿನಲ್ಲಿ ಅದು ಪೂಜೆಯ ಹಾಗೆ. ಮೊದಲು ಮಾಸ್ಟ್ರು, ಆಮೇಲೆ ಸುರಕ್ಷಾ. ಬ್ಯಾಟು ಒಂದೇ.

"ಇವತ್ತು ನಾನು ಟೊಪ್ಪಿ ಮುಚ್ಚಿ ಮಲಗಿದ್ದೆ," ಎಂದರು ಕೂಸಪ್ಪಣ್ಣ. "ಕಣ್ಣಿಗೆ ಎಂತದೂ ಕಾಣ್ಲಿಲ್ಲ. ಕಿವಿ ಮಲಗುವುದಿಲ್ಲ. ಮೊದಲು ಕೇಳಿದ್ದು ಪೊಚ್, ಪೊಚ್. ಅದು ಬೆಳುವಾಯಿಯವರ ಮಿಡಿ. ಆಮೇಲೆ ನಿಮ್ಮ ಫೀಲ್ಡಿಂಗ್ ಪ್ರಾಕ್ಟೀಸ್. ಟಕ್, ಟಕ್, ಟಕ್. ಮರದ ಬ್ಯಾಟು. ಆಹಾ, ಎಂತ ನಿದ್ದೆ ಮಾರಾಯ್ರೆ! ಆಮೇಲೆ ಒಂದು ಕೂಗು: 'ಅದಲ್ಲ! ಅದಲ್ಲ!' ಅಂತ. ಆಮೇಲೆ ಒಂದೇ ಒಂದು ಟಣ್. ಆಮೇಲೆ ರಕ್ತ."

ಕೂಸಪ್ಪಣ್ಣ ಬ್ಯಾಟನ್ನು ಮಾಸ್ಟ್ರ ಕಡೆ ಚಾಚಿದರು.

"ನಿನ್ನೆವರೆಗೆ ಬಿಡದ ಬ್ಯಾಟನ್ನು ಇವತ್ತು ಮಾತ್ರ ನೀವು ಯಾಕೆ ಮುಟ್ಲಿಲ್ಲ ಮಾಸ್ಟ್ರೇ?"

ಶೋಧನ್ ಮಾಸ್ಟ್ರು ನಕ್ಕರು. ಅಂಗೈ ಬಡಿದುಕೊಂಡರು. ಪಟ್ ಪಟ್.

"ನಿಮ್ಮ ನಿದ್ದೆ ಹಾಳಾಗ್ಬಾರ್ದು ಅಂತ. ಉಪಕಾರ ಮಾಡಿದ್ರೂ ತಪ್ಪಾ?"

ಒಳ್ಳೆಯ ಉತ್ತರ. ನಾನಾದರೆ ಚಪ್ಪಾಳೆ ಹೊಡೆಯುತ್ತಿದ್ದೆ. ಜೀಪಿನವರು ಮತ್ತೆ ಬೊಬ್ಬೆ ಶುರು ಮಾಡಿದರು.

"ಆ ಕೂಗು? 'ಅದಲ್ಲ' ಅಂತ ಕೂಗಿದ್ದು ಯಾರು?"

"ನಾನು ಕೇಳ್ಲಿಲ್ಲ. ನಿಮಗೆ ಕನಸು ಬಿದ್ದಿರ್ಬೇಕು. ಪೊಲೀಸರ ಕನಸು ಕೋರ್ಟಲ್ಲಿ ನಡೀತದಾ?"

ಎಲ್ಲರೂ ನಕ್ಕರು. ಇಬ್ಬರು ನಗಲಿಲ್ಲ. ಒಬ್ಬಳು ಫಾಹಿಮಾ. ಇನ್ನೊಬ್ಬಳು ಸುರಕ್ಷಾ.

ಸುರಕ್ಷಾ ತನ್ನ ಅಂಗೈಗಳನ್ನು ನೋಡುತ್ತಿದ್ದಳು. ಪುಡಿ ಬೆವರಿನಲ್ಲಿ ಕರಗಿ ರೇಖೆಗಳಲ್ಲಿ ಬಿಳಿಯಾಗಿ ಕೂತಿತ್ತು. ಆ ಕೈಯಿಂದ ಬ್ಯಾಟು ಹಾರಿ ಅವಳ ಗೆಳತಿಯ ಹುಬ್ಬು ಒಡೆದಿತ್ತು.

"ಸುರಕ್ಷಾ," ಎಂದಳು ಫಾಹಿಮಾ. ಅವಳ ಮಾತಿನಲ್ಲಿ ಒಂದು ಹನಿ ಸ್ನೇಹ ಇರಲಿಲ್ಲ. "ನಿನ್ನನ್ನು ಕಂಡ್ರೆ ನನಗಾಗುವುದಿಲ್ಲ. ನಿನಗೂ ಹಾಗೇ. ಆದ್ರೆ ಕಾಂತಿ ನಿನ್ನವಳು. ನೀನು ಕೇಳಿದ್ದೀಯಾ, ಇಲ್ವಾ?"

"ಟೀಮಿಗೆ ನಡಿ ಸುರಕ್ಷಾ!" ಎಂದರು ಶೋಧನ್ ಮಾಸ್ಟ್ರು. "ನಿನಗೆ ಮಂಡೆ ಸಮ ಇಲ್ವಾ? ಇವಳ ಮಾತು ಕೇಳ್ಬೇಡ."

ಸುರಕ್ಷಾ ಹೋಗಲಿಲ್ಲ.

"ನೀವೇ ಸರ್," ಎಂದಳು. ಸ್ವರ ಕೇಳಿಸುವಷ್ಟೇ ಇತ್ತು. "ದಿನಾ ನೀವೇ ಆ ಬ್ಯಾಟ್ ನನ್ನ ಕೈಗೆ ಕೊಡ್ತೀರಿ. ಇವತ್ತು ಕೊಡ್ಲಿಲ್ಲ. ಮರದ್ದರಲ್ಲೇ ಹೊಡಿ ಅಂದ್ರಿ. ಬೆಳುವಾಯಿಯವರು ನೋಡ್ತಾ ಇದ್ರು. ಅವರ ಎದುರು ಆ ಹಳೇ ಕೋಲು ಹಿಡೀಲಿಕ್ಕೆ ನಾಚಿಕೆ ಆಯ್ತು. ನಾನೇ ಬ್ಯಾಗಿಂದ ತೆಗೆದೆ. ನೀವು 'ಅದಲ್ಲ, ಅದಲ್ಲ' ಅಂತ ಕೂಗಿದ್ರಿ. ಅಷ್ಟರಲ್ಲಿ ಕಾಂತಿ ಬಾಲ್ ಹಾಕಿ ಆಗಿತ್ತು."

"ಸುಳ್ಳು!"

"ಕಾಂತಿಯ ಕಣ್ಣು ಹೋಗ್ತಿತ್ತು ಸರ್!"

ಶೋಧನ್ ಮಾಸ್ಟ್ರ ಬಾಯಿ ಅಲ್ಲಿಗೆ ಒಡೆಯಿತು.

"ನಿನಗೆ ಯಾರೇ ಹೇಳಿದ್ದು ಅದನ್ನು ಮುಟ್ಲಿಕ್ಕೆ? ಟಾಸಿಗೆ ಮೊದಲು ಅಂಪೈರು ಬ್ಯಾಟುಗಳನ್ನು ಚೆಕ್ ಮಾಡುವಾಗ ಅದು ಸಿಗ್ಬೇಕಿತ್ತು! ಅಷ್ಟೇ! ಯಾರಿಗೂ ಒಂದು ಗೀರು ಕೂಡ ಆಗ್ತಿರ್ಲಿಲ್ಲ. ಮೂರು ವರ್ಷ! ಮೂರು ವರ್ಷ ಈ ಮಿಡಿ ಹೆಕ್ಕುವವರ ಎದುರು ತಲೆ ತಗ್ಗಿಸಿದ್ದೇನೆ! ಇವಳೊಬ್ಬಳು ಹೊರಗೆ ಹೋದ್ರೆ ಸಾಕಿತ್ತು, ಒಬ್ಬಳು!"

ಹೇಳಿ ಮುಗಿಸಿದ ಮೇಲೆ ಅವರಿಗೇ ಕೇಳಿಸಿತು. ಕೈಗಳು ಎದ್ದವು, ಬಡಿಯಲಿಲ್ಲ.

ಕೂಸಪ್ಪಣ್ಣ ಉಳಿದದ್ದನ್ನು ಬಿಡಿಸಿ ಹೇಳಿದರು. ಕೇರಂ ಮುಗಿದಾಗ ಡಬ್ಬಿ ಇವರ ಜೇಬಿಗೆ ಹೋಯಿತು. ಬೆಳಿಗ್ಗೆ ಫಾಹಿಮಾ ಬ್ಯಾಗಿನ ಹತ್ತಿರ ಬಗ್ಗಿದ್ದನ್ನು ಇವರೂ ನೋಡಿದರು, ಸುರಕ್ಷಾಳೂ ನೋಡಿದಳು. ಸಾಕ್ಷಿ ತಾನಾಗಿ ಸಿಕ್ಕಿತು. ಹಿಡಿಗೆ ಪೌಡರ್ ಉಜ್ಜಿ ಬ್ಯಾಟನ್ನು ಬ್ಯಾಗಿಗೆ ಹಾಕಿದರು. ಅಂಪೈರು ಅದನ್ನು ಹಿಡಿಯಬೇಕು, ಇವರು ಬೊಬ್ಬೆ ಹಾಕಬೇಕು, ಫಾಹಿಮಾ ಹೊರಗೆ ಹೋಗಬೇಕು. ಅಲ್ಲಿಯವರೆಗೆ ಆ ಬ್ಯಾಟನ್ನು ಯಾರೂ ಬೀಸಬಾರದಿತ್ತು. ಅದಕ್ಕಾಗಿ ಇವರು ಮರದ ಬ್ಯಾಟು ಹಿಡಿದರು. ಎಲ್ಲರ ಕಣ್ಣು ಬಾಲಿನ ಮೇಲಿತ್ತು, ಯಾರೂ ಗಮನಿಸಲಿಲ್ಲ. ರಕ್ತ ಬಿದ್ದ ಮೇಲೆ, ಎಣ್ಣೆಯ ಕೈ ಎದುರಿಗಿದೆಯಲ್ಲ ಎಂದು ಪೌಡರನ್ನು ಎಣ್ಣೆ ಮಾಡಿದರು.

"ನನ್ನ ಕಣ್ಣು ತೆರೆದಿದ್ರೆ ನಾನೂ ಬಾಲನ್ನೇ ನೋಡ್ತಿದ್ದೆ," ಎಂದರು ಕೂಸಪ್ಪಣ್ಣ. "ಡ್ಯೂಟಿಯಲ್ಲಿ ಮಲಗಿದ್ದಕ್ಕೆ ಇನ್ನು ನನಗೆ ಯಾರೂ ಮೆಮೊ ಕೊಡ್ಬಾರ್ದು."

ಜೀಪಿನವರು ತಮ್ಮದೇ ಮಾಸ್ಟ್ರ ಕಡೆ ತಿರುಗಿದರು. ಕಲ್ಲುಗಳು ಮತ್ತೆ ಕೈಗೆ ಬಂದವು. ಕೂಸಪ್ಪಣ್ಣ ಮಾಸ್ಟ್ರನ್ನು ಪೊಲೀಸ್ ಜೀಪಿನ ಹಿಂದೆ ಕೂರಿಸಿ ಟೊಪ್ಪಿಯಿಂದ ಮುಚ್ಚಿ ಕರೆದೊಯ್ಯಬೇಕಾಯಿತು. ರುಖಿಯಮ್ಮ ಕೊಡೆಯಿಂದ ಜೀಪಿಗೆ ಒಂದು ಹೊಡೆದರು. ಆ ಗುಳಿ ಜೀಪು ಹರಾಜಾಗುವವರೆಗೂ ಇತ್ತು.

ಅಬೂಬಕ್ಕರ್ ಮಾಸ್ಟ್ರು ಪೆನ್ನನ್ನು ಜೇಬಿಗೆ ಹಾಕಿದರು. "ಮಗಾ, ಆಡು," ಎಂದರು. ಫಾಹಿಮಾಳ ಮುಖ ನೋಡಲಿಲ್ಲ.

*

ಆಟ ಮಧ್ಯಾಹ್ನ ನಡೆಯಿತು. ಕಾಂತಿ ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಬಂದು ಗೆರೆಯ ಆಚೆ ಕುಳಿತು ಬೆಳುವಾಯಿಯವರನ್ನು ಬೈಯುತ್ತಿದ್ದಳು. ಆರೋಗ್ಯದ ಲಕ್ಷಣ.

ಫಾಹಿಮಾ ಬ್ಯಾಟಿಂಗಿಗೆ ಬಂದಾಗ ಸುರಕ್ಷಾ ಆ ಅಲ್ಯೂಮಿನಿಯಂ ಬ್ಯಾಟು ಹಿಡಿದು ನಡೆದು ಬಂದಳು. ಹಿಡಿಗೆ ಹೊಸ ಟೇಪು ಸುತ್ತಿದ್ದಳು.

"ತಗೋ. ನಾವು ಇನ್ನು ಇದನ್ನು ಮುಟ್ಟುವುದಿಲ್ಲ. ಇದರಲ್ಲಿ ಹೊಡೆದ್ರೂ ನೀನು ಔಟೇ."

"ನೋಡುವ," ಎಂದಳು ಫಾಹಿಮಾ. ಕೈ ಒರೆಸಿದಳು. ಮಣ್ಣು ಉಜ್ಜಿದಳು.

ಟಣ್!

ಆ ಬಾಲು ಹೋದದ್ದನ್ನು ನಾನು ಮೈಕಿನಲ್ಲಿ ವರ್ಣಿಸಲಿಕ್ಕೆ ಶುರು ಮಾಡಿದೆ. ವರ್ಣನೆ ಮುಗಿಯಿತು, ಬಾಲು ಮುಗಿಯಲಿಲ್ಲ. ಮೈದಾನ ದಾಟಿತು, ರಸ್ತೆ ದಾಟಿತು, ನೇತ್ರಾವತಿಯ ಮೇಲೆ ಹೋಗುವಾಗ ಒಂದು ಹದ್ದು ದಾರಿ ಬಿಟ್ಟು ಕೊಟ್ಟಿತು. ಅದು ಎಲ್ಲಿ ಬಿತ್ತೆಂದು ಕೊನೆಗೆ ಹೇಳುತ್ತೇನೆ. ಅದೇ ಈ ಕಥೆಯ ಸಾರ. ಅಬ್ದುಲ್ ವಹಾಬರಿಗೆ ರುಖಿಯಮ್ಮನೇ ಅಂದು ಫೋನ್ ಮಾಡಿದರು. "ದೂರು ಬಂತು ಮಗಾ. ಆದ್ರೆ ನಿನ್ನ ಮಗಳ ಮೇಲೆ ಅಲ್ಲ," ಎಂದರಂತೆ.

ಶೋಧನ್ ಮಾಸ್ಟ್ರ ಕೆಲಸ ಹೋಯಿತು. ಕಾಂತಿಯ ಮನೆಯವರು ಕೇಸು ಮುಂದುವರಿಸಲಿಲ್ಲ. ಮಾಸ್ಟ್ರು ಗಲ್ಫಿಗೆ ಹೋದರು ಎಂದು ಸುದ್ದಿ. ಈಗ ಗಡ್ಡ ಬಿಟ್ಟಿದ್ದಾರಂತೆ. ಗಡ್ಡ ಬಿಡಬಹುದು. ಅಂಗೈ ಬಡಿಯುವುದನ್ನು ಬಿಡಲಿಕ್ಕೆ ಆಗುವುದಿಲ್ಲ, ಅಲ್ಲವೇ?

ಫಾಹಿಮಾ ಈಗ ಎಲ್ಲಿದ್ದಾಳೆಂದು ನೀವು ಕೇಳಲೇ ಇಲ್ಲ. ಬೆಳುವಾಯಿಯ ಅದೇ ಶಾಲೆಯಲ್ಲಿ ಪಿ.ಟಿ. ಟೀಚರ್. ಕೆಲಸ ಹೆಚ್ಚಾಗಿದೆ, ಹುಡುಗಿಯರಿಗೆ ಒಬ್ಬ ಕೋಚ್ ಬೇಕಂತೆ. ಇವತ್ತು ಇಂಟರ್‌ವ್ಯೂ ಮಾಡುವವಳು ಅವಳೇ. ಆ ಬ್ಯಾಟನ್ನು ಕುರ್ಚಿಯ ಹಿಂದೆ ಗೋಡೆಗೆ ನೇತು ಹಾಕಿದ್ದಾಳೆ. ಬಂದವರಿಗೆಲ್ಲ ಅವಳು ಮಾಡುವ ಪರೀಕ್ಷೆ ಒಂದೇ. "ಇದನ್ನು ಹಿಡಿದು ಸ್ವಲ್ಪ ಫೀಲ್ಡಿಂಗ್ ಪ್ರಾಕ್ಟೀಸ್ ಕೊಡಿ, ನೋಡುವ," ಎನ್ನುತ್ತಾಳಂತೆ. ಬಾಗಿಲಿನ ಹತ್ತಿರ ಒಂದು ಕುರ್ಚಿ. ಅದರಲ್ಲಿ ಕೂಸಪ್ಪಣ್ಣ. ರಿಟೈರ್ ಆದ ಮೇಲೆ ಅಲ್ಲೇ ವಾಚ್‌ಮನ್ ಆಗಿದ್ದಾರೆ. ಮುಖಕ್ಕೆ ಟೊಪ್ಪಿ ಮುಚ್ಚಿ ಮಲಗಿರುತ್ತಾರೆ. ಕಿವಿ ಮಾತ್ರ...

ಅರೆ, ಎದ್ದೇಬಿಟ್ಟಿರಾ? ಅದು ಧರ್ಮಸ್ಥಳದ ಬಸ್ಸು. ಮೂಡುಬಿದಿರೆಯದ್ದು ಹಿಂದೆ ನಿಂತಿದೆ ನೋಡಿ. ಆ ಕಡೆ ಅಲ್ಲ! ಈ ಕಡೆ! ಶೋಧನ್ ಮಾಸ್ಟ್ರೇ, ಆ ಬಾಲು ಎಲ್ಲಿ ಬಿತ್ತು ಅಂತ ನಾನಿನ್ನೂ ಹೇಳಿ ಆಗ್ಲಿಲ್ಲ, ಪಾಣೆಮಂಗಳೂರಿನ ಸೇತುವೆ ಉಂಟಲ್ಲ, ಅದರ